ಮರ, ಸರಪಳಿ, ಕಂಬ: 1958ರ 'ಹರ್ಕ್ಯುಲಿಸ್' ಗೆದ್ದದ್ದು ಹೇಗೆ?

ಸಿನಿಮಾ ವ್ಯಾಪಾರದ ಪಾಠಗಳಲ್ಲಿ ಒಂದು ಕಥೆ ಮತ್ತೆ ಮತ್ತೆ ಬರುತ್ತದೆ. ಬಾಸ್ಟನ್ನಿನ ಹಂಚಿಕೆದಾರ ಜೋಸೆಫ್ ಲೆವಿನ್ ಇಟಲಿಯ ಒಂದು ಕಡಿಮೆ ಖರ್ಚಿನ ಸಿನಿಮಾದ ಅಮೆರಿಕದ ಹಕ್ಕನ್ನು 1,20,000 ಡಾಲರಿಗೆ ಕೊಂಡರು. ಪ್ರಚಾರಕ್ಕೆ 10 ಲಕ್ಷ ಡಾಲರಿಗೂ ಜಾಸ್ತಿ ಸುರಿದರು. 1959ರ ಜುಲೈನಲ್ಲಿ ವಾರ್ನರ್ ಬ್ರದರ್ಸ್ ಮೂಲಕ ಸುಮಾರು 600 ಪ್ರಿಂಟುಗಳನ್ನು ಒಟ್ಟಿಗೆ ಬಿಡುಗಡೆ ಮಾಡಿದರು. ಥಿಯೇಟರುಗಳ ಪಾಲು ಕಳೆದ ಮೇಲೂ ಸುಮಾರು 47 ಲಕ್ಷ ಡಾಲರ್ ಕೈಗೆ ಬಂತು. ಸಿನಿಮಾದ ಹೆಸರು 'ಹರ್ಕ್ಯುಲಿಸ್', ಗ್ರೀಕ್ ಪುರಾಣದ ಮಹಾಬಲಶಾಲಿಯ ಕಥೆ. ಈ ಪಾಠ ಹೇಳುವವರ ತೀರ್ಮಾನ ಒಂದೇ. ಸರಕು ಹೇಗಾದರೂ ಇರಲಿ, ಮಾರುವವನು ಗಟ್ಟಿಗನಾದರೆ ಸಾಕು.

ಈ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ಲೆವಿನ್ ಜಾಣರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಪ್ರಕರಣವನ್ನು ಅವರ ಕಚೇರಿಯಿಂದ ಶುರು ಮಾಡಿದರೆ ಅರ್ಧ ಕಥೆ ಕೈತಪ್ಪುತ್ತದೆ. ಈ ಸಿನಿಮಾ ಅಮೆರಿಕಕ್ಕೆ ಕಾಲಿಡುವ ಮೊದಲೇ ತನ್ನ ಊರಿನಲ್ಲಿ ಗೆದ್ದಿತ್ತು. ಗೆಲ್ಲಿಸಿದವರು ಒಬ್ಬ ದೇಹದಾರ್ಢ್ಯ ಪಟು, ಒಬ್ಬ ಛಾಯಾಗ್ರಾಹಕ, ಮತ್ತೆ ರೋಮ್ ನಗರದ ಸಾವಿರಾರು ಸೆಟ್ ಕೆಲಸಗಾರರು. ಹಾಗಾಗಿ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ತಾರೀಖುಗಳನ್ನು ಸುಮ್ನೆ ಸಾಲಾಗಿ ಇಟ್ಟು ನೋಡಿ

ಸಿನಿಮಾದ ಇಟಾಲಿಯನ್ ಹೆಸರು 'ಲೆ ಫಾತೀಕೆ ದಿ ಎರ್ಕೊಲೆ'. ನಿರ್ದೇಶಕರು ಪಿಯೆತ್ರೋ ಫ್ರಾಂಚೀಶಿ. ಇಟಲಿಯಲ್ಲಿ ಅದು ತೆರೆಕಂಡದ್ದು 1958ರ ಫೆಬ್ರವರಿ 20ರಂದು. ಅಲ್ಲಿನ ಗಲ್ಲಾಪೆಟ್ಟಿಗೆಯಲ್ಲಿ ಹತ್ತಿರ ಹತ್ತಿರ 90 ಕೋಟಿ ಲೀರಾ ಗಳಿಸಿತು. ಮುಂದಿನ ವರ್ಷ, 1959ರ ಫೆಬ್ರವರಿಯಲ್ಲಿ, ಅದೇ ನಿರ್ದೇಶಕ, ಅದೇ ನಾಯಕ, ಅದೇ ನಾಯಕಿ ಇಟ್ಟುಕೊಂಡು ಎರಡನೇ ಭಾಗವೂ ಬಂತು. ಲೆವಿನ್ ಅವರ 600 ಪ್ರಿಂಟುಗಳು ಹೊರಟದ್ದು ಅದಾಗಿ ಐದು ತಿಂಗಳ ಮೇಲೆ.

ಅಂದರೆ ಅಮೆರಿಕದ ಒಂದು ಪೋಸ್ಟರೂ ಗೋಡೆಗೆ ಅಂಟುವ ಮುಂಚೆ ಇಟಲಿಯ ಜನ ಈ ಸಿನಿಮಾವನ್ನು ಎತ್ತಿ ಹಿಡಿದಿದ್ದರು. ಎರಡನೇ ಭಾಗಕ್ಕೆ ದುಡ್ಡು ಹಾಕುವ ಧೈರ್ಯ ಬಂದದ್ದೂ ಅದರಿಂದಲೇ. ಪ್ರಚಾರವೇ ಗೆಲ್ಲಿಸಿತು ಅನ್ನುವವರು ಈ ಐದು ತಿಂಗಳಿಗೆ ಉತ್ತರ ಹೇಳಬೇಕು, ಅಲ್ವಾ?

ರೋಮ್ ಆಗ ಹೇಗಿತ್ತು

ರೋಮಿನ ಅಂಚಿನಲ್ಲಿರುವ ಚಿನೆಚಿತ್ತಾ ಸ್ಟುಡಿಯೊ ಶುರುವಾದದ್ದು 1937ರಲ್ಲಿ, ಮುಸೊಲಿನಿ ಕಾಲದಲ್ಲಿ. ಯುದ್ಧ ಮುಗಿದ ಮೇಲೆ ಹಾಲಿವುಡ್ ಕಂಪನಿಗಳು ಅಲ್ಲಿಗೆ ಬಂದವು. ಅಮೆರಿಕದ ಸಿನಿಮಾಗಳು ಇಟಲಿಯಲ್ಲಿ ಗಳಿಸಿದ ಹಣವನ್ನು ಪೂರ್ತಿಯಾಗಿ ಹೊರಗೆ ಒಯ್ಯಲು ಸರ್ಕಾರ ಬಿಡುತ್ತಿರಲಿಲ್ಲ. ಆ ಹಣ ಅಲ್ಲೇ ಖರ್ಚಾಗಬೇಕಿತ್ತು. ಜೊತೆಗೆ ಕೂಲಿ ಅಗ್ಗ, ಬಿಸಿಲು ಧಾರಾಳ. ಹಾಗಾಗಿ 1951ರ 'ಕ್ವೋ ವಾಡಿಸ್' ಥರದ ಭಾರಿ ಸಿನಿಮಾಗಳು ರೋಮಿನಲ್ಲೇ ತಯಾರಾದವು.

ಈ ಭಾರಿ ಸಿನಿಮಾಗಳು ಮುಗಿಸಿಕೊಂಡು ಹೋದ ಮೇಲೆ ಊರಿನಲ್ಲಿ ಉಳಿದದ್ದು ಏನು? ಕೈ ಪಳಗಿದ ಜನ. ಪ್ಲಾಸ್ಟರಿನಲ್ಲಿ ಅಮೃತಶಿಲೆಯ ಕಂಬ ಮಾಡುವವರು. ಗುರಾಣಿ, ಶಿರಸ್ತ್ರಾಣ ಬಡಿಯುವವರು. ರಥ ಓಡಿಸುವವರು, ಕುದುರೆಯಿಂದ ಬೀಳುವ ಸಾಹಸಿಗರು. ಟ್ಯೂನಿಕ್ ಅನ್ನುವ ಹಳೇ ಕಾಲದ ಅಂಗಿ ಹೊಲಿಯುವ ದರ್ಜಿಗಳು. ಇಟಾಲಿಯನ್ ನಿರ್ಮಾಪಕರಿಗೆ ಇದು ಕೂಡಿಟ್ಟ ಆಸ್ತಿ. ಹಾಲಿವುಡ್ ದುಡ್ಡಿನಲ್ಲಿ ಕಲಿತ ಕೆಲಸ, ತಮ್ಮದೇ ಸಣ್ಣ ಸಿನಿಮಾಗಳಿಗೆ ಒದಗಿತು.

ಪುರಾಣಕಾಲದ ಸಿನಿಮಾ ಇಟಲಿಗೆ ಹೊಸದೂ ಆಗಿರಲಿಲ್ಲ. 1914ರಲ್ಲೇ ಜೊವಾನ್ನಿ ಪಾಸ್ತ್ರೋನೆ 'ಕಬೀರಿಯಾ' ಅನ್ನುವ ಮೂಕಿ ಚಿತ್ರ ಮಾಡಿದ್ದರು. ಅದರಲ್ಲಿ ಮಾಚಿಸ್ತೆ ಅನ್ನುವ ಬಲಶಾಲಿ ಗುಲಾಮನ ಪಾತ್ರಕ್ಕೆ ಜೆನೋವಾ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ ಬಾರ್ತೊಲೊಮೆಯೊ ಪಗಾನೊ ಅವರನ್ನು ಹುಡುಕಿ ತಂದಿದ್ದರು. ಜನ ಅವರನ್ನು ಎಷ್ಟು ಹಚ್ಚಿಕೊಂಡರೆಂದರೆ ಮಾಚಿಸ್ತೆ ಹೆಸರಿನಲ್ಲಿ ಸಾಲು ಸಾಲು ಸಿನಿಮಾ ಬಂದವು. ಮೂಟೆ ಹೊತ್ತ ಹೆಗಲೇ ಪರದೆಯ ಮೇಲೆ ನಾಯಕನಾಯಿತು. ಇದನ್ನು ಒಂದು ಕಡೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಥರದ ಸಿನಿಮಾಗಳಿಗೆ 'ಪೆಪ್ಲಮ್' ಅಂತ ಹೆಸರಿಟ್ಟವರು ಫ್ರೆಂಚ್ ವಿಮರ್ಶಕರು. ಹಳೇ ಗ್ರೀಕರು ತೊಡುತ್ತಿದ್ದ ನಿಲುವಂಗಿ ಪೆಪ್ಲೋಸ್, ಅದರಿಂದ ಬಂದ ಮಾತು. ಇಂಗ್ಲಿಷಿನಲ್ಲಿ ಕತ್ತಿ ಮತ್ತು ಚಪ್ಪಲಿಯ ಸಿನಿಮಾ ಅನ್ನುತ್ತಾರೆ.

ನಾಯಕನಿಗಾಗಿ ಹುಡುಕಾಟ

ಫ್ರಾಂಚೀಶಿ ಕೈಯಲ್ಲಿ ಕಥೆ ಇತ್ತು. ಹಳೇ ಗ್ರೀಕ್ ಕವಿ ಅಪೊಲೋನಿಯಸ್ ಬರೆದ ಅರ್ಗೊ ಹಡಗಿನ ಯಾತ್ರೆಯ ಕಾವ್ಯವನ್ನು ಸಡಿಲವಾಗಿ ಹಿಡಿದು, ಎನ್ನಿಯೋ ದೆ ಕೊಂಚೀನಿ ಮತ್ತಿತರರ ಜೊತೆ ಚಿತ್ರಕಥೆ ಬರೆದಿದ್ದರು. ಹರ್ಕ್ಯುಲಿಸ್ ಆಗಿ ನಿಲ್ಲುವ ಮನುಷ್ಯ ಮಾತ್ರ ಸಿಕ್ಕಿರಲಿಲ್ಲ. ಕೆಲವರ ಮೈ ಚೆನ್ನಾಗಿತ್ತು, ಮುಖ ಸರಿಯಿಲ್ಲ. ಕೆಲವರಿಗೆ ಮುಖವಿತ್ತು, ಮೈ ಇಲ್ಲ. ಕೊನೆಗೆ ಅವರ ಮಗಳು ಥಿಯೇಟರಿನಲ್ಲಿ 'ಅಥೀನಾ' ಅನ್ನುವ 1954ರ ಹಾಲಿವುಡ್ ಸಿನಿಮಾ ನೋಡಿ ಬಂದು, ಅದರಲ್ಲೊಬ್ಬ ಇದ್ದಾನೆ ನೋಡಿ ಅಂದಳಂತೆ. ಆತನೇ ಸ್ಟೀವ್ ರೀವ್ಸ್.

ರೀವ್ಸ್ ಹುಟ್ಟಿದ್ದು 1926ರಲ್ಲಿ, ಅಮೆರಿಕದ ಮೊಂಟಾನಾದಲ್ಲಿ. 1947ರಲ್ಲಿ ಮಿಸ್ಟರ್ ಅಮೆರಿಕ, 1950ರಲ್ಲಿ ಮಿಸ್ಟರ್ ಯೂನಿವರ್ಸ್. ಇಷ್ಟಾದರೂ ಹಾಲಿವುಡ್ ಅವರಿಗೆ ಜಾಗ ಕೊಡಲಿಲ್ಲ. ಸೆಸಿಲ್ ಬಿ. ಡಿಮಿಲ್ ತಮ್ಮ 'ಸ್ಯಾಮ್ಸನ್ ಅಂಡ್ ಡಿಲೈಲಾ' ಸಿನಿಮಾದ ಸ್ಯಾಮ್ಸನ್ ಪಾತ್ರಕ್ಕೆ ಅವರನ್ನು ನೋಡಿದ್ದರು. ಆದರೆ ತೂಕ ಇಳಿಸಬೇಕು, ಕ್ಯಾಮೆರಾದಲ್ಲಿ ಮೈ ಜಾಸ್ತಿ ಕಾಣುತ್ತದೆ ಅಂದರು. ರೀವ್ಸ್ ಆಮೇಲೆ ಎಷ್ಟೋ ಸಲ ಹೇಳಿಕೊಂಡ ಪ್ರಸಂಗ ಇದು. ವರ್ಷಗಟ್ಟಲೆ ಬೆವರು ಸುರಿಸಿ ಕಟ್ಟಿದ ಮೈಯನ್ನು ಕರಗಿಸಲು ಮನಸ್ಸು ಬರಲಿಲ್ಲ. ಪಾತ್ರ ವಿಕ್ಟರ್ ಮೆಚೂರ್ ಪಾಲಾಯಿತು.

ಹತ್ತು ವರ್ಷದ ಮೇಲೆ, ಹಾಲಿವುಡ್ ಜಾಸ್ತಿಯಾಯಿತು ಅಂದ ಅದೇ ಮೈಯನ್ನು ರೋಮ್ ಕೈಹಿಡಿದು ಕರೆಯಿತು. ಸಂಬಳ 10,000 ಡಾಲರ್. ಗಡ್ಡ ಬಿಟ್ಟುಕೊಂಡು ಬನ್ನಿ ಅಂದರು. ಆ ಗಡ್ಡ ಅವರ ಮುಖಕ್ಕೆ ಎಷ್ಟು ಒಪ್ಪಿತೆಂದರೆ, ಆಮೇಲೆ ಬಂದ ಹರ್ಕ್ಯುಲಿಸ್‌ಗಳಲ್ಲಿ ಬಹಳ ಜನ ಗಡ್ಡ ಬಿಟ್ಟೇ ಬಂದರು.

ರೀವ್ಸ್ ದೊಡ್ಡ ನಟರಲ್ಲ. ಆದರೆ ಅವರ ನಡಿಗೆಯಲ್ಲಿ ಒಂದು ನಿಧಾನವಿದೆ. ಅವರು ಮೈಯನ್ನು ತೋರಿಸಿಕೊಳ್ಳುತ್ತಾ ನಡೆಯುವುದಿಲ್ಲ. ಭಾರವಾದ ವಸ್ತುವಿನ ಮುಂದೆ ಒಂದು ಕ್ಷಣ ನಿಂತು ಅದನ್ನು ಅಳೆಯುತ್ತಾರೆ. ಗರಡಿಯಲ್ಲಿ ಕಲ್ಲು ಎತ್ತುವವರನ್ನು ನೋಡಿದವರಿಗೆ ಆ ಅಳತೆಯ ನೋಟ ಗೊತ್ತಿರುತ್ತದೆ. ಎತ್ತುವ ಮುಂಚೆ ಕಣ್ಣು ಕೆಲಸ ಮಾಡುತ್ತದೆ. ಅಷ್ಟು ಸಾಕಿತ್ತು. ಪ್ರೇಕ್ಷಕರು ಅವರನ್ನು ನಂಬಿದರು.

ಧ್ವನಿ ಮಾತ್ರ ಅವರದಲ್ಲ. ಆಗಿನ ಇಟಾಲಿಯನ್ ಸಿನಿಮಾದಲ್ಲಿ ಸೆಟ್ಟಿನ ಮೇಲೆ ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ ಮಾತಾಡುತ್ತಿದ್ದರು. ಆಮೇಲೆ ಎಲ್ಲಕ್ಕೂ ಡಬ್ಬಿಂಗ್. ಅಮೆರಿಕದವರೇ ಆದ ರೀವ್ಸ್‌ಗೆ ಅಮೆರಿಕದ ಪ್ರಿಂಟಿನಲ್ಲೂ ಬೇರೆಯವರ ಕಂಠ ಕೊಟ್ಟರು. ಅವರು ಪರದೆಗೆ ಕೊಟ್ಟದ್ದು ಮೈಯೊಂದನ್ನೇ.

ಮೊದಲ ದೃಶ್ಯದಲ್ಲೇ ಒಂದು ಮರ

ಸಿನಿಮಾ ಶುರುವಾಗುವುದು ಹೀಗೆ. ಈಯೊಲೆ ಅನ್ನುವ ರಾಜಕುಮಾರಿ ರಥದಲ್ಲಿ ಬರುತ್ತಿದ್ದಾಳೆ. ಈ ಪಾತ್ರ ಮಾಡಿದವರು ಸಿಲ್ವಾ ಕೊಶೀನಾ. ಕುದುರೆಗಳು ಹಿಡಿತ ತಪ್ಪಿವೆ. ದಾರಿ ಸಮುದ್ರದ ಕಡೆಯ ಕಡಿದಾದ ಅಂಚಿಗೆ ಹೋಗುತ್ತಿದೆ. ಹರ್ಕ್ಯುಲಿಸ್ ಒಂದು ಮರವನ್ನು ಬುಡಸಮೇತ ಕಿತ್ತು ಕುದುರೆಗಳ ದಾರಿಗೆ ಅಡ್ಡ ಹಿಡಿಯುತ್ತಾನೆ. ರಥ ನಿಲ್ಲುತ್ತದೆ.

ಒಂದು ಮಾತಿನ ಪೀಠಿಕೆ ಇಲ್ಲ. ಇವನು ಯಾರು, ಯಾರ ಮಗ, ಎಲ್ಲಿಂದ ಬಂದ, ಏನೂ ಇಲ್ಲ. ಮರ ಕಿತ್ತ, ಅಷ್ಟೇ. ಪರಿಚಯ ಮುಗಿಯಿತು. ಈ ಸರಳತೆ ನನಗೆ ತುಂಬಾ ಇಷ್ಟ. ಓದು ಬರಹ ಬಾರದವರಿಗೂ, ಮುಂದಿನ ಸಾಲಿನಲ್ಲಿ ಕೂತ ಮಗುವಿಗೂ ನಾಯಕ ಯಾರೆಂದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಕಥೆ ಮುಂದೆ ಹೋಗುತ್ತದೆ. ಈಯೊಲೆಯ ತಂದೆ ಪೀಲಿಯಸ್ ಇಯೋಲ್ಕಸ್ ರಾಜ್ಯದ ಅರಸ. ಅಣ್ಣನ ಕೊಲೆಯಾದ ಮೇಲೆ ಸಿಂಹಾಸನ ಏರಿದವನು. ಮೂಲ ಪುರಾಣದಲ್ಲಿ ಈಯೊಲೆ ಅವನ ಮಗಳಲ್ಲ, ಯೂರಿಟಸ್ ಅನ್ನುವ ಬೇರೊಬ್ಬ ರಾಜನ ಮಗಳು. ಹರ್ಕ್ಯುಲಿಸ್‌ನ ಕಥೆಯನ್ನೂ ಅರ್ಗೊ ಹಡಗಿನಲ್ಲಿ ಚಿನ್ನದ ತುಪ್ಪಳ ತರಲು ಹೋದ ಜೇಸನ್‌ನ ಕಥೆಯನ್ನೂ ಹೆಣೆಯಲು ಬರಹಗಾರರು ಅವಳನ್ನು ಈ ಮನೆಗೆ ತಂದರು. ಪಂಡಿತರು ಇದಕ್ಕೆ ಬೈದರು. ನಮ್ಮ ಪೌರಾಣಿಕ ನಾಟಕ, ಬಯಲಾಟ ನೋಡಿ ಬೆಳೆದ ನಮಗೆ ಇದು ಅಷ್ಟೇನೂ ದೊಡ್ಡ ತಪ್ಪು ಅನಿಸುವುದಿಲ್ಲ. ಪುರಾಣ ಬಾಯಿಂದ ಬಾಯಿಗೆ ಹೋಗುವಾಗ ನೆಂಟಸ್ತಿಕೆ ಬದಲಾಗುವುದು ಇದ್ದದ್ದೇ.

ನಡುವೆ ಸಿಂಹ ಬರುತ್ತದೆ, ಹೋರಿ ಬರುತ್ತದೆ, ಹೆಣ್ಣುಗಳ ರಾಜ್ಯ ಬರುತ್ತದೆ, ಮೈತುಂಬ ರೋಮದ ಕಾಡುಮನುಷ್ಯರು ಬರುತ್ತಾರೆ, ತುಪ್ಪಳ ಕಾಯುವ ರಾಕ್ಷಸ ಪ್ರಾಣಿಯೊಂದೂ ಬರುತ್ತದೆ. ಇವುಗಳಲ್ಲಿ ಎಲ್ಲವೂ ಚೆನ್ನಾಗಿಲ್ಲ. ಸಿಂಹದ ಕಾದಾಟ ಸಪ್ಪೆ. ರಾಕ್ಷಸ ಪ್ರಾಣಿಯನ್ನು ಒಂದು ಸಲ ನೋಡಿದರೆ ಸಾಕು. ಹಡಗಿನ ಭಾಗ ಸ್ವಲ್ಪ ಉದ್ದವಾಯಿತು.

ಆದರೆ ಮಧ್ಯದಲ್ಲಿ ಒಂದು ದೃಶ್ಯವಿದೆ. ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಹರ್ಕ್ಯುಲಿಸ್ ಕಣಿ ಹೇಳುವ ಸಿಬಿಲ್ ಬಳಿಗೆ ಹೋಗುತ್ತಾನೆ. ರಾಜನ ಮಗ ಸಿಂಹಕ್ಕೆ ಬಲಿಯಾಗಿದ್ದಾನೆ, ಅದರ ದೂರು ಇವನ ತಲೆ ಮೇಲೆ ಬಂದಿದೆ. ಪ್ರೀತಿಸಿದವಳು ದೂರವಾಗಿದ್ದಾಳೆ. ಅವನು ಕೇಳಿಕೊಳ್ಳುವುದು ವಿಚಿತ್ರವಾದ ವರ. ನನ್ನ ಅಮರತ್ವ ತೆಗೆದುಬಿಡಿ, ಎಲ್ಲರ ಹಾಗೆ ನಾನೂ ಬದುಕಬೇಕು, ನೋಯಬೇಕು ಅಂತ. ಮಳೆ ಸುರಿಯುತ್ತದೆ. ಅಷ್ಟು ಬಲಶಾಲಿ ಮಳೆಯಲ್ಲಿ ನೆನೆಯುತ್ತಾ ನಿಲ್ಲುತ್ತಾನೆ.

ಈ ದೃಶ್ಯ ಇಲ್ಲದಿದ್ದರೆ ಉಳಿದ ಸಿನಿಮಾ ಬರೀ ಮೈಯ ಪ್ರದರ್ಶನ ಆಗುತ್ತಿತ್ತು. ಇಲ್ಲಿಂದ ಮುಂದೆ ಅವನು ಎತ್ತುವ ಪ್ರತಿ ಭಾರಕ್ಕೂ ಬೆಲೆ ಬರುತ್ತದೆ. ಸಾಯಬಲ್ಲವನು ಎತ್ತುತ್ತಿದ್ದಾನೆ ಅಂತ ನಮಗೆ ಗೊತ್ತಿರುತ್ತದೆ.

ಸರಪಳಿ

ಕೊನೆಯ ಹದಿನೈದು ನಿಮಿಷದಲ್ಲಿ ಹರ್ಕ್ಯುಲಿಸ್ ಸೆರೆಯಲ್ಲಿದ್ದಾನೆ. ಎರಡೂ ಕೈಗೆ ದಪ್ಪ ಸರಪಳಿ. ಅದನ್ನು ಗೋಡೆಯಿಂದ ಕೀಳುತ್ತಾನೆ, ಆದರೆ ಮಣಿಕಟ್ಟಿನಿಂದ ಬಿಚ್ಚುವುದಿಲ್ಲ. ಸರಪಳಿ ಎಳೆದುಕೊಂಡೇ ಹೊರಗೆ ಬರುತ್ತಾನೆ. ಅದನ್ನೇ ಬೀಸಿ ಸೈನಿಕರನ್ನು ಕೆಡವುತ್ತಾನೆ. ಕುದುರೆ ಸವಾರರು ನುಗ್ಗುತ್ತಾರೆ. ಆಗ ಅರಮನೆಯ ಮುಂದಿನ ಕಂಬಗಳಿಗೆ ಸರಪಳಿ ಸುತ್ತಿ ಎಳೆಯುತ್ತಾನೆ.

ಕ್ಯಾಮೆರಾ ಅವನ ಎದೆ, ಭುಜ, ಕತ್ತಿನ ಮೇಲೆ ನಿಲ್ಲುತ್ತದೆ. ಸರಪಳಿ ಬಿಗಿಯುತ್ತದೆ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಕಂಬದ ಬುಡ ಅಲ್ಲಾಡುತ್ತದೆ. ಒಂದು ಕಂಬ ವಾಲುತ್ತದೆ, ಅದರ ಹಿಂದೆ ಇನ್ನೊಂದು. ಇಡೀ ಮುಂಬಾಗಿಲು ಸವಾರರ ಮೇಲೆ ಕುಸಿಯುತ್ತದೆ.

ಕಂಬ ಎಳೆದು ಕೆಡವುವುದು ಅಸಲಿಗೆ ಸ್ಯಾಮ್ಸನ್‌ನ ಕಥೆ, ಬೈಬಲಿನದು. ಡಿಮಿಲ್ ಸಿನಿಮಾದ ಕೊನೆಯೂ ಅದೇ. ಮೈ ಜಾಸ್ತಿಯಾಯಿತು ಅಂತ ಆ ಕಂಬಗಳಿಂದ ದೂರ ಉಳಿದ ರೀವ್ಸ್, ಹರ್ಕ್ಯುಲಿಸ್ ಹೆಸರಿನಲ್ಲಿ ಬೇರೆ ಕಂಬಗಳನ್ನು ಎಳೆದು ಬೀಳಿಸಿದರು. ನೋಡುವಾಗ ನನಗೆ ಇದು ಪ್ರತಿ ಸಲವೂ ನೆನಪಾಗುತ್ತದೆ. ಆ ಮುಖದಲ್ಲಿ ಕಾಣುವ ಕಷ್ಟ ನಟನೆ ಅನಿಸುವುದಿಲ್ಲ.

ಬೆಳಕು ಹಿಡಿದವರು

ಈ ಪ್ರಕರಣದಲ್ಲಿ ನನಗೆ ಎಲ್ಲರಿಗಿಂತ ಮುಖ್ಯ ಅನಿಸುವ ಹೆಸರು ಮಾರಿಯೋ ಬಾವಾ. ಸಿನಿಮಾದ ಛಾಯಾಗ್ರಾಹಕರು. ಅವರ ತಂದೆ ಯುಜೇನಿಯೋ ಮೂಕಿ ಕಾಲದಲ್ಲೇ ಕ್ಯಾಮೆರಾ ತಂತ್ರಗಳಲ್ಲಿ ಕೈ ಪಳಗಿದವರು. ಮಗನಿಗೆ ಅದು ಮನೆಯ ವಿದ್ಯೆ. ದುಡ್ಡು ಕಡಿಮೆ ಇದ್ದಾಗ ಬೆಳಕಿನಿಂದ ತುಂಬಿಸುವುದು ಹೇಗೆಂದು ಅವರಿಗೆ ಗೊತ್ತಿತ್ತು.

ಸಿನಿಮಾ ತೆಗೆದದ್ದು ಈಸ್ಟ್‌ಮನ್ ಕಲರಿನಲ್ಲಿ, ಡಯಾಲಿಸ್ಕೋಪ್ ಅನ್ನುವ ಅಗಲ ಪರದೆಯ ಪದ್ಧತಿಯಲ್ಲಿ. ಚಿತ್ರದ ಅಗಲ ಎತ್ತರಕ್ಕಿಂತ ಎರಡೂಕಾಲು ಪಟ್ಟಿಗೂ ಜಾಸ್ತಿ. ಅಷ್ಟು ಅಗಲದ ಪರದೆ ತುಂಬಲು ದೊಡ್ಡ ಸೆಟ್ ಬೇಕು. ಇವರ ಹತ್ತಿರ ಇದ್ದದ್ದು ಸಣ್ಣ ಸೆಟ್. ಬಾವಾ ಏನು ಮಾಡಿದರು? ಗುಹೆ, ಸೆರೆಮನೆ, ರಾತ್ರಿಯ ಅರಮನೆಗಳಲ್ಲಿ ಒಂದು ಮೂಲೆಗೆ ನೀಲಿ ಬೆಳಕು, ಇನ್ನೊಂದು ಮೂಲೆಗೆ ಕೆಂಪೋ ಹಸಿರೋ ಬಿಟ್ಟರು. ಉಳಿದದ್ದನ್ನು ಕತ್ತಲೆಗೆ ಕೊಟ್ಟರು. ಕತ್ತಲೆ ಇರುವ ಕಡೆ ಗೋಡೆ ಎಲ್ಲಿ ಮುಗಿಯಿತು ಅಂತ ಕಣ್ಣಿಗೆ ತಿಳಿಯುವುದಿಲ್ಲ. ನಾಲ್ಕು ಕಂಬ ನಲವತ್ತು ಕಂಬದಂತೆ ಕಾಣುತ್ತದೆ. ರೀವ್ಸ್ ಮೈಮೇಲೂ ಬೆಳಕನ್ನು ಪಕ್ಕದಿಂದ ಬಿಟ್ಟರು. ಹಾಗಾಗಿ ಒಂದೊಂದು ಮಾಂಸಖಂಡಕ್ಕೂ ಅದರದೇ ನೆರಳು ಬಂತು, ಕಲ್ಲಿನಲ್ಲಿ ಕೆತ್ತಿದ ಶಿಲ್ಪದ ಹಾಗೆ.

ಈ ಕೆಲಸ ಬಹಳ ಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಅದಕ್ಕೆ ಕಾರಣವಿದೆ. ಈಸ್ಟ್‌ಮನ್ ಕಲರಿನ ಹಳೇ ಪ್ರಿಂಟುಗಳಲ್ಲಿ ನೀಲಿ ಹಸಿರಿನ ಬಣ್ಣ ಮೊದಲು ಮಾಸುತ್ತದೆ. ಕೊನೆಗೆ ಎಲ್ಲವೂ ಕೆಂಪುಗೆಂಪಾಗಿ ಉಳಿಯುತ್ತದೆ. ಬಾವಾ ಅವರ ನೀಲಿ ಕತ್ತಲೆಯೆಲ್ಲ ಹೀಗೆ ಹೋಯಿತು. ಮೇಲಿಂದ, ಟಿ.ವಿ.ಗೆ ಬಂದಾಗ ಅಗಲದ ಚಿತ್ರವನ್ನು ಎರಡೂ ಕಡೆ ಕತ್ತರಿಸಿದರು. ಚಿತ್ರದ ಶೇ. 40ಕ್ಕೂ ಜಾಸ್ತಿ ಭಾಗ ಅಲ್ಲೇ ಹೋಯಿತು. ಹೀಗೆ ಬಣ್ಣ ಮಾಸಿದ, ಅಂಚು ಕತ್ತರಿಸಿದ, ಬೇರೆ ಕಂಠದ ಸಿನಿಮಾ ನೋಡಿ ಮುಂದಿನ ತಲೆಮಾರಿನವರು ನಕ್ಕರು. ಅಮೆರಿಕದ ಟಿ.ವಿ.ಯಲ್ಲಿ ಇದನ್ನು ಗೇಲಿ ಮಾಡುವ ಕಾರ್ಯಕ್ರಮವೂ ಬಂತು. ಅವರು ನಕ್ಕದ್ದು 1958ರಲ್ಲಿ ಜನ ನೋಡಿದ ಸಿನಿಮಾಗಲ್ಲ. ನೋಡುವುದಾದರೆ ದಯವಿಟ್ಟು ಪೂರ್ತಿ ಅಗಲದ, ಬಣ್ಣ ಸರಿಪಡಿಸಿದ ಪ್ರತಿ ಹುಡುಕಿ ನೋಡಿ. ಎರಡರ ನಡುವೆ ಅಜಗಜಾಂತರ.

ನೋಡಿದವರು ಯಾರು

1955ರಲ್ಲಿ ಇಟಲಿಯಲ್ಲಿ 80 ಕೋಟಿಗೂ ಜಾಸ್ತಿ ಸಿನಿಮಾ ಟಿಕೆಟ್ ಮಾರಾಟವಾಗಿದ್ದವು. ಟಿ.ವಿ. ಪ್ರಸಾರ ಶುರುವಾಗಿ ಒಂದೇ ವರ್ಷವಾಗಿತ್ತು. ಸಿನಿಮಾ ಮೂರು ಸುತ್ತಿನಲ್ಲಿ ಓಡುತ್ತಿತ್ತು. ದೊಡ್ಡ ನಗರದ ಒಳ್ಳೆಯ ಥಿಯೇಟರಿನಲ್ಲಿ ಮೊದಲ ಸುತ್ತು. ಆಮೇಲೆ ಎರಡನೆಯದು. ಕೊನೆಗೆ ಸಣ್ಣ ಊರು, ಹಳ್ಳಿ, ದಕ್ಷಿಣದ ಬಡ ಪ್ರಾಂತ್ಯಗಳಲ್ಲಿ ಮೂರನೇ ಸುತ್ತು, ಅಗ್ಗದ ಟಿಕೆಟ್. ನಮ್ಮ ಟೆಂಟ್ ಸಿನಿಮಾ ನೆನಪಿರುವವರಿಗೆ ಈ ಮೂರನೇ ಸುತ್ತಿನ ಗದ್ದಲ, ಶಿಳ್ಳೆ, ನಾಯಕನಿಗೆ ಕೂಗಿ ಎಚ್ಚರಿಕೆ ಕೊಡುವ ಮಕ್ಕಳು, ಎಲ್ಲ ಸುಲಭವಾಗಿ ಕಣ್ಣಿಗೆ ಕಟ್ಟುತ್ತದೆ. ಪೆಪ್ಲಮ್ ಸಿನಿಮಾಗಳು ಬದುಕಿದ್ದು ಈ ಜನರಿಂದ.

ಆ ವರ್ಷಗಳಲ್ಲಿ ಈ ಜನರ ಬದುಕೇ ಬದಲಾಗುತ್ತಿತ್ತು. 1958ರಿಂದ 1963ರವರೆಗಿನ ಕಾಲವನ್ನು ಇಟಲಿಯಲ್ಲಿ ಆರ್ಥಿಕ ಪವಾಡ ಅನ್ನುತ್ತಾರೆ. ದಕ್ಷಿಣದ ರೈತಾಪಿ ಮಂದಿ ಹೊಲ ಬಿಟ್ಟು ಮಿಲಾನ್, ತುರೀನ್ ಕಾರ್ಖಾನೆಗಳಿಗೆ ರೈಲು ಹತ್ತುತ್ತಿದ್ದರು. ತೋಳಿನಿಂದ ಮಾಡುತ್ತಿದ್ದ ಕೆಲಸವನ್ನು ಯಂತ್ರ ಮಾಡತೊಡಗಿತ್ತು. ಆ ಹೊತ್ತಿನಲ್ಲಿ ಪರದೆಯ ಮೇಲೆ ಒಬ್ಬ ಬಂದು ಯಂತ್ರವಿಲ್ಲದೆ, ಬರೀ ಮೈಬಲದಿಂದ, ರಥ ನಿಲ್ಲಿಸುತ್ತಾನೆ, ಮರ ಕೀಳುತ್ತಾನೆ, ಅನ್ಯಾಯದ ಅರಮನೆ ಉರುಳಿಸುತ್ತಾನೆ. ಸಿನಿಮಾ ವಿದ್ವಾಂಸರು ಈ ನಂಟನ್ನು ಗುರುತಿಸಿದ್ದಾರೆ. ನನಗೂ ಇದು ನಿಜ ಅನಿಸುತ್ತದೆ. ಬಂದರಿನ ಹಮಾಲಿ ಪಗಾನೊ ಅವರನ್ನು ಹಿಂದೆ ಜನ ಯಾಕೆ ಹಚ್ಚಿಕೊಂಡರೋ, ಅದೇ ಕಾರಣ ಇಲ್ಲೂ ಇದೆ.

ಸಿನಿಮಾದ ಹೆಸರಿನಲ್ಲೇ ಇದರ ಸುಳಿವಿದೆ. 'ಫಾತೀಕೆ' ಅಂದರೆ ದುಡಿಮೆಗಳು, ಮೈಮುರಿದು ಪಡುವ ಪಾಡು. ಹರ್ಕ್ಯುಲಿಸ್‌ನ ಹನ್ನೆರಡು ಸಾಹಸಗಳಿಗೆ ಇಟಾಲಿಯನ್ನಿನಲ್ಲಿ ಮೊದಲಿಂದ ಅದೇ ಹೆಸರು. ಆದರೆ ನೇಪಲ್ಸ್ ಕಡೆ 'ಫಾತೀಗಾ' ಅನ್ನುವುದು ದಿನನಿತ್ಯದ ಮಾತು. ಕೆಲಸಕ್ಕೆ ಹೋಗುತ್ತೇನೆ ಅನ್ನಲು ಅಲ್ಲಿನ ಜನ ಅದನ್ನೇ ಬಳಸುತ್ತಾರೆ. ಅಮೆರಿಕಕ್ಕೆ ಹೋಗುವಾಗ ಹೆಸರಿನಿಂದ ದುಡಿಮೆ ಬಿದ್ದುಹೋಯಿತು. ನಾಯಕನ ಹೆಸರು ಒಂದೇ ಉಳಿಯಿತು.

ಈಗ ಲೆವಿನ್ ಬಳಿಗೆ

ಲೆವಿನ್ ಮಾಡಿದ್ದನ್ನು ಕಡಿಮೆ ಮಾಡಿ ಹೇಳಬಾರದು. ಆಗೆಲ್ಲ ಅಮೆರಿಕದಲ್ಲಿ ಸಿನಿಮಾ ಮೊದಲು ದೊಡ್ಡ ನಗರಗಳ ಕೆಲವೇ ಥಿಯೇಟರಿಗೆ ಬರುತ್ತಿತ್ತು. ಮೆಲ್ಲಗೆ ಬೇರೆ ಊರಿಗೆ ಹೋಗುತ್ತಿತ್ತು. ವಿಮರ್ಶೆ ಕೆಟ್ಟದಾದರೆ ಮುಂದಿನ ಊರು ತಲುಪುವ ಹೊತ್ತಿಗೆ ಗಾಳಿ ಇಳಿದಿರುತ್ತಿತ್ತು. ಲೆವಿನ್ ಈ ಕಾಯುವಿಕೆಯನ್ನೇ ಮುರಿದರು. ಪತ್ರಿಕೆ, ರೇಡಿಯೊ, ಟಿ.ವಿ., ಎಲ್ಲ ಕಡೆ ಜಾಹೀರಾತು. ಶಾಲೆಗೆ ರಜೆ ಇರುವ ಬೇಸಿಗೆಯಲ್ಲಿ, ರಾಶಿ ಥಿಯೇಟರುಗಳಲ್ಲಿ ಒಟ್ಟಿಗೆ ಬಿಡುಗಡೆ. 1975ರಲ್ಲಿ 'ಜಾಸ್' 400ಕ್ಕೂ ಜಾಸ್ತಿ ಪರದೆಗಳಲ್ಲಿ ಒಂದೇ ದಿನ ಬಂದದ್ದನ್ನು ಹೊಸ ಯುಗ ಅನ್ನುತ್ತಾರೆ. ಆ ದಾರಿಯಲ್ಲಿ ಹದಿನಾರು ವರ್ಷ ಮುಂಚೆಯೇ ಹರ್ಕ್ಯುಲಿಸ್ ನಡೆದಿದ್ದ.

ಲೆವಿನ್ 1956ರಲ್ಲಿ ಜಪಾನಿನ 'ಗಾಡ್ಜಿಲಾ'ವನ್ನು ಅಮೆರಿಕಕ್ಕೆ ತಂದವರಲ್ಲಿ ಒಬ್ಬರು. ಹೊರಗಿನ ಸಿನಿಮಾವನ್ನು ಹೇಗೆ ಮಾರಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ಆದರೆ ಜಾಹೀರಾತು ಜನರನ್ನು ಬಾಗಿಲ ತನಕ ತರುತ್ತದೆ. ಒಳಗೆ ಕೂರಿಸುವುದು, ಮರುವರ್ಷ 1960ರಲ್ಲಿ ಎರಡನೇ ಭಾಗಕ್ಕೂ ಕರೆತರುವುದು ಪರದೆಯ ಕೆಲಸ. ಲೆವಿನ್ ಅವರ ನಿಜವಾದ ಜಾಣತನ ನನ್ನ ಪ್ರಕಾರ ಪ್ರಚಾರಕ್ಕಿಂತ ಮುಂಚಿನದು. ಎಲ್ಲರೂ ಅಗ್ಗದ ಮಾಲು ಅಂದುಕೊಂಡಿದ್ದರಲ್ಲಿ ಅವರು ಆ ಕಂಬ ಬೀಳುವ ದೃಶ್ಯವನ್ನು ಕಂಡರು.

ಕಲಿತ ಪಾಠ ತಪ್ಪಿತು

ಗೆಲುವಿನ ಬೆನ್ನಿಗೆ ನಕಲು ಬಂತು. 1958ರಿಂದ 1965ರೊಳಗೆ ಇಟಲಿಯಲ್ಲಿ 150ಕ್ಕೂ ಜಾಸ್ತಿ ಪೆಪ್ಲಮ್ ಸಿನಿಮಾಗಳು ತಯಾರಾದವು. ನಿರ್ಮಾಪಕರಿಗೆ ಕಂಡದ್ದು ಮೈ ಮತ್ತು ಅಮೆರಿಕದ ಹೆಸರು. ವೆನಿಸ್ಸಿನಲ್ಲಿ ದೋಣಿ ನಡೆಸುತ್ತಿದ್ದ ಆದ್ರಿಯಾನೊ ಬೆಲ್ಲೀನಿ 'ಕರ್ಕ್ ಮಾರಿಸ್' ಆದರು. ಸೆರ್ಜೊ ಚಿಯಾನಿ 'ಅಲನ್ ಸ್ಟೀಲ್' ಆದರು. ಮಾಚಿಸ್ತೆ ಮತ್ತೆ ಎದ್ದುಬಂದ. ಉರ್ಸುಸ್, ಸ್ಯಾಮ್ಸನ್, ಗೋಲಿಯಾತ್ ಅನ್ನುವ ಬಲಶಾಲಿಗಳೆಲ್ಲರೂ ಬಂದರು. ಅಮೆರಿಕದ ಟಿ.ವಿ.ಯಲ್ಲಿ ಮಾಚಿಸ್ತೆಯನ್ನೂ ಹರ್ಕ್ಯುಲಿಸ್‌ನ ಮಗ ಅಂತ ಮಾಡಿ ಮಾರಿದರು.

ಬಾವಾ ಅವರ ಬೆಳಕಿಗೆ ಯಾರೂ ಸಮಯ ಕೊಡಲಿಲ್ಲ. ಮಳೆಯಲ್ಲಿ ನಿಂತ ಹರ್ಕ್ಯುಲಿಸ್ ಯಾರಿಗೂ ಬೇಕಾಗಲಿಲ್ಲ. 1961ರಲ್ಲಿ ಬಾವಾ ತಾವೇ ನಿರ್ದೇಶಿಸಿ, ದೇಹದಾರ್ಢ್ಯ ಪಟು ರೆಗ್ ಪಾರ್ಕ್ ಅವರನ್ನು ಹಾಕಿಕೊಂಡು, ಪಾತಾಳಕ್ಕೆ ಇಳಿಯುವ ಹರ್ಕ್ಯುಲಿಸ್‌ನ ಸಿನಿಮಾ ಮಾಡಿದರು. ಈ ಗುಂಪಿನಲ್ಲಿ ಅದು ಕಣ್ಣಿಗೆ ಹಬ್ಬ. ಉಳಿದವು ಬೇಗ ಬೇಗ ತೆಗೆದವು, ಬೇಗ ಬೇಗ ಮರೆತವು.

ಅಲೆ ನಮ್ಮ ದೇಶವನ್ನೂ ಮುಟ್ಟಿತು. 1964ರಲ್ಲಿ ಪೈಲ್ವಾನ್ ದಾರಾ ಸಿಂಗ್ ಹಿಂದಿಯಲ್ಲಿ 'ಹರ್ಕ್ಯುಲಿಸ್' ಆದರು, ಅದೇ ವರ್ಷ 'ಸ್ಯಾಮ್ಸನ್' ಕೂಡ ಆದರು.

ಅದೇ 1964ರಲ್ಲಿ ಸೆರ್ಜೊ ಲಿಯೊನೆ ಒಂದು ಸಣ್ಣ ಖರ್ಚಿನ ಕೌಬಾಯ್ ಸಿನಿಮಾ ಮಾಡಿದರು. ಲಿಯೊನೆ ಕೂಡ ಪೆಪ್ಲಮ್ ಮನೆಯವರೇ. 1961ರಲ್ಲಿ ರೋಡ್ಸ್ ದ್ವೀಪದ ಮಹಾವಿಗ್ರಹದ ಕಥೆ ತೆಗೆದವರು. ಈ ಕೌಬಾಯ್ ಸಿನಿಮಾ ಭರ್ಜರಿಯಾಗಿ ಓಡಿತು. ಕುದುರೆಗಳು, ಸಾಹಸಿಗರು, ದರ್ಜಿಗಳು, ಎಲ್ಲರೂ ಆ ಕಡೆ ಹೊರಳಿದರು. ಟ್ಯೂನಿಕ್ ಬಿಚ್ಚಿ ಟೋಪಿ ಹಾಕಿಕೊಂಡರು. ಒಂದೆರಡು ವರ್ಷದಲ್ಲಿ ಪೆಪ್ಲಮ್ ನಿಂತುಹೋಯಿತು.

ಇನ್ನೊಂದು ರಥ, ಇನ್ನೊಂದು ಮರ

ರೀವ್ಸ್ ಆ ಹೊತ್ತಿಗೆ ಯುರೋಪಿನಲ್ಲಿ ಜಾಸ್ತಿ ಸಂಬಳ ಪಡೆಯುವ ನಟರಲ್ಲಿ ಒಬ್ಬರಾಗಿದ್ದರು. ಆದರೆ ಮೈ ಆಗಲೇ ದಂಡ ತೆತ್ತಿತ್ತು. ಹರ್ಕ್ಯುಲಿಸ್‌ನ ಎರಡು ಸಿನಿಮಾ ಮುಗಿದ ಮೇಲೆ, 1959ರ 'ದಿ ಲಾಸ್ಟ್ ಡೇಸ್ ಆಫ್ ಪಾಂಪೆ' ಚಿತ್ರೀಕರಣದಲ್ಲಿ ಅವರ ರಥ ಮರಕ್ಕೆ ಬಡಿಯಿತು. ಭುಜದ ಕೀಲು ತಪ್ಪಿತು. ಅದೇ ಸಿನಿಮಾದಲ್ಲಿ ನೀರಿನೊಳಗೆ ಈಜುವ ದೃಶ್ಯ ಮಾಡುವಾಗ ನೋವು ಇನ್ನೂ ಹೆಚ್ಚಿತು. ಆಮೇಲೆ ಮಾಡಿದ ಒಂದೊಂದು ಸಾಹಸವೂ ಆ ಭುಜವನ್ನು ಕೆಡಿಸುತ್ತಾ ಹೋಯಿತು. ಹರ್ಕ್ಯುಲಿಸ್ ಆಗಿ ಪರದೆಯ ಮೇಲೆ ಅವರು ಮೊದಲು ಕಾಣಿಸಿಕೊಂಡದ್ದು ಮರ ಹಿಡಿದು ರಥ ನಿಲ್ಲಿಸಿದವರಾಗಿ.

1968ರಲ್ಲಿ ಒಂದು ಕೌಬಾಯ್ ಸಿನಿಮಾ ಮಾಡಿ ಅವರು ನಟನೆ ಬಿಟ್ಟರು. ಕ್ಯಾಲಿಫೋರ್ನಿಯಾದ ವ್ಯಾಲಿ ಸೆಂಟರ್ ಅನ್ನುವ ಊರಿನ ಹತ್ತಿರ ಜಮೀನು ಮಾಡಿಕೊಂಡು ಮಾರ್ಗನ್ ತಳಿಯ ಕುದುರೆಗಳನ್ನು ಸಾಕಿದರು. ಕುದುರೆ ಸಾಕಣೆಯಲ್ಲೇ ಉಳಿದ ವರ್ಷಗಳನ್ನು ಕಳೆದರು. 2000ದ ಮೇ 1ರಂದು ತೀರಿಕೊಂಡರು. ಆ ದಿನ ಇಟಲಿಯಲ್ಲಿ ದುಡಿಯುವವರ ಹಬ್ಬ, ರಜಾದಿನ.